ಇಲ್ಲದ ಹಕ್ಕಿಯ ಮೇಷ್ಟರು

ಟ್ಯೂ, ಟ್ಯೂ, ಟ್ಯೂ. ಕ್ವಾಲಾ ಬೆರೆಂಬಾಂಗಿನ ಅಳಿವೆಯಲ್ಲಿ ನೀರಿಳಿದು ಕೆಸರು ಹೊಳೆಯತೊಡಗಿದಾಗ ಹಸಿರುಕಾಲಿನ ಗೊರವ ಹಕ್ಕಿ ಹೀಗೆ ಮೂರು ಸಲ ಸಿಳ್ಳೆ ಹಾಕುತ್ತದೆ. ದೋಣಿಕಟ್ಟೆಯಲ್ಲಿ ಬೇರಾರೂ ಗಮನಿಸದ ಆ ಸದ್ದಿಗೆ ಚಿಕ್ಗು ಜಮ್ಹಾರಿ ಮಾತ್ರ, ಬಾಯಿಗೊಯ್ದ ಕಾಫಿಯನ್ನು ಅಲ್ಲೇ ತಡೆದು, ಯಾರೋ ತಮ್ಮನ್ನು ಹೆಸರು ಹಿಡಿದು ಕರೆದರೆಂಬಂತೆ ತಲೆಯೆತ್ತುತ್ತಿದ್ದರು.

ಚಿಕ್ಗು ಎಂದರೆ ಮೇಷ್ಟರು. ಅವರು ಶಾಲೆ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಆ ಹೆಸರು ಅವರನ್ನು ಬಿಟ್ಟಿರಲಿಲ್ಲ. ಕೆಸರಿನಲ್ಲಿ ನಡೆದೂ ನಡೆದೂ ಸಿಮೆಂಟು ರಸ್ತೆಯ ಮೇಲೂ ಪಾದಗಳನ್ನು ಕಿತ್ತು ಕಿತ್ತು ಇಡುವ ನಡಿಗೆ. ಬಿಸಿಲಿರಲಿ, ಮಳೆಯಿರಲಿ, ಮೈಮೇಲೆ ಬಣ್ಣ ಹೋದ ಒಂದು ಮಳೆಯಂಗಿ; ಅದರ ಒಳಮೈಗೆ ಅವರೇ ಹೊಲಿದುಕೊಂಡ ಅಗಲವಾದ ಜೇಬು, ಜೇಬಿನಲ್ಲಿ ಸದಾ ಒಂದು ಸರ್ಕಾರಿ ಪುಸ್ತಕ.

ಜಿಲ್ಲಾ ಗ್ರಂಥಾಲಯದಲ್ಲಿ ಸರ್ಕಾರಿ ಪ್ರಕಟಣೆಗಳ ಕೋಣೆ ನನ್ನ ಉಸ್ತುವಾರಿಯಲ್ಲಿತ್ತು, ಅಲ್ಲಿಗೆ ಬರುವ ಓದುಗರು ಅವರೊಬ್ಬರೇ ಆಗಿದ್ದರು. ಬಂದರು ಇಲಾಖೆಯ ಉಬ್ಬರವಿಳಿತದ ಪಟ್ಟಿ ಅವರಿಗೆ ಹಕ್ಕಿಗಳು ದಡಕ್ಕೆ ಬರುವ ಹೊತ್ತು ತಿಳಿಸುತ್ತಿತ್ತು. ಮೀನುಗಾರಿಕೆಯ ವರದಿ ಅವುಗಳ ಊಟ ಯಾವ ಕೆಸರಿನಲ್ಲಿದೆಯೆಂದು ಹೇಳುತ್ತಿತ್ತು. ಆರೋಗ್ಯ ಇಲಾಖೆಯ ಸೊಳ್ಳೆ ಸುತ್ತೋಲೆಯಲ್ಲೂ ಅವರು ಅಂಬರಗುಬ್ಬಿಗಳ ದಾರಿ ಹುಡುಕುತ್ತಿದ್ದರು. ಯಾವ ಪುಸ್ತಕವನ್ನಾದರೂ ಕೊನೆಯ ಪುಟದಿಂದಲೇ ಬಿಡಿಸುವುದು ಅವರ ಹಟ. “ಮುಂದೆ ಮಂತ್ರಿಗಳ ಫೋಟೋ ಇರುತ್ತೆ ತಮ್ಮಾ, ಹಕ್ಕಿ ಇರೋದು ಹಿಂದೆ.”

ಆ ಹಿಂದಿನ ಪುಟಗಳಲ್ಲೇ ಅವರ ಸಂಕಟವೂ ಇತ್ತು. ವನ್ಯಜೀವಿ ಇಲಾಖೆಯ ಜಲಪಕ್ಷಿ ಗಣತಿಗೆ ಹೋದ ಮೊದಲ ವರ್ಷ, ಲೋಕದಲ್ಲೇ ಅಪರೂಪವಾದ ಗಿಡ್ಡಕಾಲಿನ ಗೊರವವೊಂದನ್ನು ಕಂಡೆನೆಂದು ಬರೆದು, ಅಂದೇ ರಾಜಧಾನಿಗೆ ಕಳಿಸಿದ್ದರು. ಮರುದಿನ ಅದೇ ಹಕ್ಕಿ ಅದೇ ಜಾಗದಿಂದ ಮರಳಿನ ದಿಬ್ಬಕ್ಕೆ ಹತ್ತಿತು. ಕೆಸರಿನಲ್ಲಿ ಹೂತಿದ್ದ ಕಾಲುಗಳು ಹೊರಬಂದು ಉದ್ದವಾದವು. ಟ್ಯೂ, ಟ್ಯೂ, ಟ್ಯೂ ಎಂದು ಕೂಗಿ ಅದು ಹಾರಿಹೋಯಿತು. ಮಾಮೂಲಿ ಹಸಿರುಕಾಲಿನದು. ಚಿಕ್ಗು ತಿದ್ದುಪಡಿ ಕಳಿಸಿದರು, ಅದು ತಲುಪುವಷ್ಟರಲ್ಲಿ ಗಣತಿಯ ಪುಸ್ತಕ ಅಚ್ಚಾಗಿತ್ತು. ಮುಂದಿನ ಆವೃತ್ತಿ ಹಿಂದಿನದನ್ನು ನೋಡಿ ಬರೆಯಿತು, ಅದರ ಮುಂದಿನದು ಅದನ್ನು. ನಮ್ಮ ಅಳಿವೆಯ ಹೆಸರಿನೆದುರು ಆ ಹಕ್ಕಿ, ಅದರ ಕೆಳಗೆ ಸಣ್ಣಕ್ಷರದಲ್ಲಿ ‘ಜಮ್ಹಾರಿ’ ಎಂಬ ಹೆಸರು ಬಿಡದೆ ಬಂದವು. ಅವರ ಹೆಸರು ಬೇರೆಲ್ಲೂ ಅಚ್ಚಾಗಿರಲಿಲ್ಲ.

ಪುಸ್ತಕ ನಂಬಿ ದೂರ ದೂರದಿಂದ ಜನ ಬರುತ್ತಿದ್ದರು. ದೋಣಿಯನ್ನೂ ಕಾಫಿ ಅಂಗಡಿಯನ್ನೂ ನಡೆಸುವ ಮುನಾ ಅಕ್ಕನಿಗೆ ಅದೊಂದು ಸುಗ್ಗಿ. ಚಿಕ್ಗು ಮಾತ್ರ ದೋಣಿಕಟ್ಟೆಯಲ್ಲೇ ಅವರನ್ನು ತಡೆದು, “ಆ ಹಕ್ಕಿ ಇಲ್ಲಿಲ್ಲ. ತಪ್ಪು ನನ್ನದು” ಎನ್ನುತ್ತಿದ್ದರು.

“ನಿಮ್ಗೇನು ತಲೆ ಕೆಟ್ಟಿದೆಯಾ ಚಿಕ್ಗು?” ಮುನಾ ಅಕ್ಕ ರೇಗುತ್ತಿದ್ದಳು. “ಆ ಹಕ್ಕಿ ನನ್ನ ಒಲೆ ಉರಿಸ್ತಿದೆ. ನೀವು ಅದರ ಗಂಟಲು ಹಿಚುಕ್ತೀರಲ್ಲ!”

“ಇಲ್ಲದ ಹಕ್ಕಿಗೆ ಗಂಟಲೆಲ್ಲಿ ಮುನಾ?”

“ನಿಮಗಂತೂ ಇದೆ. ಸುಮ್ನೆ ಕಾಫಿ ಸುರೀರಿ ಅದಕ್ಕೆ.”

ಒಮ್ಮೆ ತೈವಾನಿನ ವೃದ್ಧರೊಬ್ಬರು ಬಂದಿದ್ದರು. ಚಿಕ್ಗು ಚಪ್ಪಲಿ ಬಿಟ್ಟು, ಮೊಣಕಾಲವರೆಗೆ ಕೆಸರಿನಲ್ಲಿ ಇಳಿದು ನಿಂತು, “ನೋಡಿ, ಈಗ ನಾನೂ ಗಿಡ್ಡಕಾಲಿನವನೇ” ಎಂದು ತೋರಿಸಿದರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸಂಜೆ ಅವರನ್ನು ಬಸ್ಸು ಹತ್ತಿಸಿ, ಅದು ತಿರುವು ದಾಟಿ ಧೂಳು ಕೂತ ಮೇಲೂ ಚಿಕ್ಗು ರಸ್ತೆಯನ್ನೇ ನೋಡುತ್ತ ನಿಂತಿದ್ದರು. ಚಿಕ್ಗು ಜೊತೆ ಹಕ್ಕಿಯ ಮಾತಾಡಲು ಈ ಊರಿಗೆ ಬರುತ್ತಿದ್ದವರು ಆ ಸುಳ್ಳನ್ನು ನಂಬಿ ಬಂದವರೇ ಎಂಬುದು ನನಗೆ ಹೊಳೆದದ್ದು ಆಗ. ಮರುವಾರ ಚಿಕ್ಗು ಮತ್ತೆ ನನ್ನ ಕೋಣೆಗೆ ಬಂದು, ಆ ಹಕ್ಕಿಯನ್ನು ತೆಗೆಯಿರೆಂದು ಇಲಾಖೆಗೆ ಮತ್ತೊಂದು ಕಾಗದ ಬರೆದರು.

ಕೊನೆಗೂ ಗಣತಿಯ ಈ ವರ್ಷದ ಆವೃತ್ತಿ ಬಂತು. ಕಟ್ಟು ಬಿಚ್ಚಿದವನೇ ಅದನ್ನು ದೋಣಿಕಟ್ಟೆಗೆ ಒಯ್ದೆ. ಚಿಕ್ಗು ಹಿಂದಿನಿಂದ ಬಿಡಿಸಿ, ನಮ್ಮ ಅಳಿವೆಯ ಸಾಲಿನ ಮೇಲೆ ಬೆರಳಿಟ್ಟರು. ಹಕ್ಕಿ ಇರಲಿಲ್ಲ. ಹೆಸರೂ ಇರಲಿಲ್ಲ. ಆ ಖಾಲಿ ಜಾಗವನ್ನು ಅವರು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರು, ಮಗುವಿನ ಕೆನ್ನೆ ಒರೆಸುವ ಹಾಗೆ.

ಕಂಡೆನೆಂದು ಹೇಳುವವರು ಲೋಕದ ತುಂಬ ಇದ್ದಾರೆ, ಪುಸ್ತಕಗಳು ತುಂಬುವುದೂ ಅವರಿಂದಲೇ. ಕಾಣಲಿಲ್ಲವೆಂದು ಹೇಳುವುದಕ್ಕೆ ಆಯುಷ್ಯ ಸವೆಸುವವರ ಜಾತಿಯೇ ಬೇರೆ. ಅದು ಗುಂಪು ಕಟ್ಟುವುದಿಲ್ಲ. ಯಾವುದಾದರೊಂದು ಕೆಸರಿನ ಅಂಚಿನಲ್ಲಿ ಒಂಟಿಯಾಗಿ ನಿಂತಿರುತ್ತದೆ.

“ಕಿತ್ತುಹಾಕಿದ್ರಾ?” ಮುನಾ ಅಕ್ಕ ಬಗ್ಗಿ ನೋಡಿದಳು. ಈ ಸಲ ಅವಳು ರೇಗಲಿಲ್ಲ. “ಇನ್ಮೇಲೆ ನಿಮ್ಮ ಹತ್ರ ಯಾರು ಬರ್ತಾರೆ ಚಿಕ್ಗು?”

“ಬರೋರು ಇಲ್ಲಿರೋದನ್ನ ನೋಡೋಕೆ ಬರ್ತಾರೆ.”

“ಏನಿದೆ ಇಲ್ಲಿ, ಹೇಳಿ ನೋಡೋಣ?”

“ಇಲ್ಲಿ...” ಎಂದರು ಚಿಕ್ಗು. ನೀರಿಳಿದಿತ್ತು. ಕೆಸರಿನಾಚೆಯಿಂದ ಟ್ಯೂ, ಟ್ಯೂ, ಟ್ಯೂ. ಅವರು ಪುಸ್ತಕವನ್ನು ನನ್ನ ಕೈಗಿಟ್ಟು, ತಡೆ ಎನ್ನುವಂತೆ ಬೆರಳೆತ್ತಿ, ಪಾದಗಳನ್ನು ಕಿತ್ತು ಕಿತ್ತು ಇಡುತ್ತ ಆ ದನಿಯತ್ತ ನಡೆದುಬಿಟ್ಟರು.