ನಿನ್ನ ಆತ್ಮದ ಸಂಗಡ

"ಕರ್ತನು ನಿಮ್ಮ ಸಂಗಡ ಇರಲಿ," ಎಂದ ಮಚ್ಚೇಂದ್ರ, ಎರಡೂ ಕೈ ಮುಂದೆ ಚಾಚಿ.

ಹಂದರದೊಳಗೆ ಕೂತ ಕೊಡಂಬಲದ ಮಂದಿ ಉತ್ತರ ಕೊಟ್ಟರು. ಬಲಗಡೆಯವರು "ನಿನ್ನ ಆತ್ಮದ ಸಂಗಡಲೂ ಇರಲಿ" ಎಂದರು, ಎಡಗಡೆಯವರು "ನಿಮ್ಮ ಆತ್ಮದ ಸಂಗಡಲೂ ಇರಲಿ" ಎಂದರು. ಎರಡೂ ಕಡೆಯವರು ಮೊದಲ ಮಾತನ್ನೇ ಒತ್ತಿ ಒತ್ತಿ ಹೇಳಿದ್ದರಿಂದ ಉಳಿದದ್ದು ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಕಲ್ಯಾಣಿಯವರು, ಬೇಮಳಖೇಡದವರು ಕತ್ತು ತಿರುಗಿಸಿ ನೋಡಿದರು. ದಾನಿಯೇಲ ಪಾದ್ರಿ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿಕೊಂಡರು. ಒರೆಸುವಂಥದ್ದೇನೂ ಅದರ ಮೇಲೆ ಇರಲಿಲ್ಲ.

ಎಡಗಡೆ ಹೆಂಗಸರ ಸಾಲಿನಲ್ಲಿ ಕೂತಿದ್ದ ಸೂಗಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಮಚ್ಚೇಂದ್ರ ಅವಳ ಗಂಡ. ಆ "ನಿಮ್ಮ" ಹುಟ್ಟಿದ್ದು ಅವಳ ಬಾಯಿಂದಲೇ.

ಸಾವಿರದ ಒಂಬೈನೂರ ಮೂವತ್ತೆಂಟನೇ ಇಸವಿಯ ಸುಗ್ಗಿ ಮುಗಿದಿತ್ತು. ಸುತ್ತಲಿನ ಹಳ್ಳಿಗಳ ಸಭೆಗಳಿಂದ ಮಂದಿಯನ್ನು ಹುಮನಾಬಾದಿನ ಮಿಷನ್ ಅಂಗಳಕ್ಕೆ ಕರೆಸಿ, ಜೋಳದ ಸೊಪ್ಪೆಯ ಹಂದರ ಹಾಕಿ, ಪಾದ್ರಿ ತರಬೇತಿ ನಡೆಸುತ್ತಿದ್ದರು. ಪಾದ್ರಿ ಇರುವುದು ಕಲ್ಯಾಣಿಯಲ್ಲಿ. ಒಂದು ಹಳ್ಳಿಗೆ ಹೋಗಿ ಬರುವಷ್ಟರಲ್ಲಿ ಇನ್ನೊಂದು ಹಳ್ಳಿಯವರು ಕಲಿತ ಪ್ರಾರ್ಥನೆ ಮರೆತಿರುತ್ತಿದ್ದರು. ಅದಕ್ಕೇ ಪ್ರತಿ ಊರಿನಲ್ಲೂ ಆ ಊರಿನವನೇ ಒಬ್ಬ ಹಿರಿಯ ನಿಂತು ಆರಾಧನೆ ನಡೆಸಬೇಕೆಂದು ತೀರ್ಮಾನವಾಗಿತ್ತು. ಭಾನುವಾರ ಬಿಷಪ್ಪರು ಬಂದು, ಎಲ್ಲರ ಎದುರು ಹಿರಿಯರ ತಲೆಯ ಮೇಲೆ ಕೈಯಿಟ್ಟು ಹರಸುವವರಿದ್ದರು.

ಕೊಡಂಬಲದಲ್ಲಿ ಕ್ರಿಸ್ತನನ್ನು ನಂಬಿದವರ ಓಣಿಗಳು ಎರಡು. ಮೇಲಿನ ಓಣಿಯವರು ಗೌಡರ ಹೊಲದಲ್ಲಿ ದುಡಿಯುವವರು, ಕೆಳಗಿನ ಓಣಿಯವರು ತೊಗಲು ಹದ ಮಾಡುವವರು. ಊರಿನವರಿಗೆ ಇಬ್ಬರೂ ಅಗಸೆಬಾಗಿಲ ಹೊರಗಿನವರೇ. ಆದರೂ ಕೆಳಗಿನ ಓಣಿಯ ಮನೆಯ ನೀರನ್ನು ಮೇಲಿನ ಓಣಿಯವರು ಕುಡಿಯುತ್ತಿರಲಿಲ್ಲ, ರೊಟ್ಟಿ ಮುಟ್ಟುತ್ತಿರಲಿಲ್ಲ. ಒಂದೇ ಬೇವಿನ ಮರದ ಕೆಳಗೆ ಕೂತು ಪ್ರಾರ್ಥನೆ ಮಾಡಿದರೂ ನಡುವೆ ಗಾಡಿ ಹಾಯುವಷ್ಟು ಜಾಗ ಬಿಟ್ಟೇ, ಮೇಲಿನವರು ಬಲಕ್ಕೆ, ಕೆಳಗಿನವರು ಎಡಕ್ಕೆ ಕೂಡುತ್ತಿದ್ದರು. ಹಿರಿತನ ಮೇಲಿನ ಓಣಿಯ ಮಾರುತಿಗೆ ಬರುತ್ತದೆಂದು ಎಲ್ಲರೂ ತಿಳಿದಿದ್ದರು. ಅವನಿಗೆ ವಯಸ್ಸಾಗಿತ್ತು, ಸ್ವಂತದ ಗಾಡಿಯಿತ್ತು, ನಾಲ್ಕು ಮಂದಿಯಲ್ಲಿ ಮಾತಾಡುವ ಧೈರ್ಯವಿತ್ತು. ಪಾದ್ರಿ ಆರಿಸಿದ್ದು ಕೆಳಗಿನ ಓಣಿಯ ಮಚ್ಚೇಂದ್ರನನ್ನು. ಮಚ್ಚೇಂದ್ರನಿಗೆ ಓದು ಬರುತ್ತಿರಲಿಲ್ಲ, ಆದರೆ ಒಮ್ಮೆ ಕಿವಿಗೆ ಬಿದ್ದ ಪ್ರಾರ್ಥನೆ ಅವನ ಬಾಯಲ್ಲಿ ಹಾಗೇ ಉಳಿಯುತ್ತಿತ್ತು. ದನಿಯೋ, ಬೇವಿನ ಮರದ ಕೆಳಗೆ ನಿಂತು ಹೇಳಿದರೆ ಹಳ್ಳದ ಆಚೆಗೂ ಕೇಳುವಂಥದ್ದು.

ಅವನು ಮೊದಲ ಸಲ ನಿಂತ ದಿನವೇ ಈ ಫಜೀತಿ ಶುರುವಾಯಿತು. ಪ್ರಾರ್ಥನೆಯ ಪುಸ್ತಕದಲ್ಲಿ ಉತ್ತರ "ನಿನ್ನ" ಎಂದೇ ಇತ್ತು. ಪಾದ್ರಿಗೆ ಎಲ್ಲರೂ ಹಾಗೇ ಹೇಳುತ್ತಿದ್ದರು. ಅವರು ಬಿಳಿ ನಿಲುವಂಗಿ ತೊಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದರಿಂದ ಅದು ಒಬ್ಬ ಮನುಷ್ಯನಿಗೆ ಹೇಳಿದ ಮಾತು ಅನ್ನಿಸುತ್ತಿರಲಿಲ್ಲ. ಆದರೆ ಆ ದಿನ ಸೂಗಮ್ಮನ ಎದುರಿಗೆ ನಿಂತದ್ದು ಸ್ವಂತ ಗಂಡ, ಅವಳೇ ಒಗೆದು ಕೊಟ್ಟ ಅಂಗಿ ತೊಟ್ಟವನು. ಓಣಿಯ ಉಳಿದ ಹೆಂಗಸರು ಸಿಟ್ಟು ಬಂದಾಗ ಗಂಡನಿಗೆ ನೀನು ತಾನು ಎನ್ನುವುದಿತ್ತು. ಸೂಗಮ್ಮ ಕಲ್ಯಾಣಿಯವಳು, ಅಲ್ಲಿ ಅವಳ ಅವ್ವ ಹಾಗೆ ಕಲಿಸಿರಲಿಲ್ಲ. ಬಾಯಿ ತೆರೆದಳು, "ನಿಮ್ಮ" ಎಂದು ಬಂತು. ಪಕ್ಕದವರು ಮುಸಿಮುಸಿ ನಕ್ಕು ತಾವೂ ಹಾಗೇ ಅಂದರು.

ಅಷ್ಟರಲ್ಲೇ ಮುಗಿಯುತ್ತಿತ್ತೇನೋ. ಆದರೆ ಮೇಲಿನ ಓಣಿಯವರು ಅವನು ಹುಟ್ಟಿದಾಗಿನಿಂದಲೂ ಅವನನ್ನು "ಏ ಮಚ್ಯಾ, ನೀ ಇಲ್ಲಿ ಬಾ" ಎಂದು ಕರೆದವರು. ಪುಸ್ತಕದ "ನಿನ್ನ" ಅವರಿಗೆ ಬೆಲ್ಲದ ಹಾಗೆ ರುಚಿಸಿತು. ಕೆಳಗಿನ ಓಣಿಯ ಹುಡುಗರು ಅದನ್ನು ಗುರುತಿಸಿದರು. ಮುಂದಿನ ವಾರದಿಂದ ಗಂಡಸರೂ "ನಿಮ್ಮ" ಎಂದು ಕೂಗತೊಡಗಿದರು. ಕೇಳಿದರೆ ಮಾರುತಿಯದು ಒಂದೇ ಮಾತು: "ಪುಸ್ತಕದಾಗ ಹಂಗೇ ಅದ. ನಾವೇನು ಹೊಸಾದು ಹುಟ್ಟಿಸೀವೇನು?"

ಈಗ ಹಂದರದಲ್ಲಿ ಶನಿವಾರದ ಅಭ್ಯಾಸ ಮುಗಿಸಿ ಪಾದ್ರಿ ಮಾರುತಿಯನ್ನೂ ಮಚ್ಚೇಂದ್ರನನ್ನೂ ಬದಿಗೆ ಕರೆದರು. ಹೆಂಗಸರು ಚಾಪೆ ಸುತ್ತುತ್ತಿದ್ದರು. ಸೂಗಮ್ಮ ಬೇಕೆಂದೇ ಆ ಕಡೆಯ ಚಾಪೆಗೆ ಹೋದಳು.

ಪಾದ್ರಿ ದನಿ ಏರಿಸುವವರಲ್ಲ. ನಾಳೆ ಬಿಷಪ್ಪರ ಎದುರು ಹೀಗೇ ಆದರೆ ಕೊಡಂಬಲಕ್ಕೆ ಹಿರಿಯನೇ ಬೇಡ, ಹೊರಗಿನಿಂದ ಒಬ್ಬ ಉಪದೇಶಿಯನ್ನು ಕಳಿಸುತ್ತೇನೆ, ಅವನು ಒಂದು ವಾರ ಮೇಲಿನ ಓಣಿಯಲ್ಲಿ, ಒಂದು ವಾರ ಕೆಳಗಿನ ಓಣಿಯಲ್ಲಿ ಪ್ರಾರ್ಥನೆ ನಡೆಸುತ್ತಾನೆ ಎಂದರು.

"ಎರಡು ಸಭಾ ನಡಸೂದು ನನಗೇನು ಕಷ್ಟ ಅಲ್ಲ," ಎಂದು ಕೊನೆಗೆ ಹೇಳಿದರು. "ಆದ್ರ ಆಮ್ಯಾಲ ಗೋರಿ ಜಾಗಾನೂ ಎರಡು ಕೇಳ್ತೀರಿ. ಕಲ್ಯಾಣ್ಯಾಗ ನೋಡೀನಿ."

ಸೂಗಮ್ಮನ ಕೈಯಿಂದ ಚಾಪೆ ಜಾರಿತು. ಅವಳೂ ನೋಡಿದ್ದಳು. ಕಲ್ಯಾಣಿಯಲ್ಲಿ ಅವಳ ತವರಿನ ಸಭೆ ಒಡೆದದ್ದು ದ್ರಾಕ್ಷಾರಸದ ಬಟ್ಟಲಿಗೆ ಯಾವ ಓಣಿಯವರು ಮೊದಲು ಬಾಯಿ ಹಚ್ಚಬೇಕು ಎಂಬ ಜಗಳದಲ್ಲಿ. ಆಗ ಎರಡು ಕಡೆ ಪ್ರಾರ್ಥನೆ ಶುರುವಾಯಿತು. ಮರುವರ್ಷ ಅವಳ ಅಪ್ಪ ತೀರಿಕೊಂಡ. ಆಚೆ ಓಣಿಯಿಂದ ಒಬ್ಬನೂ ಬರಲಿಲ್ಲ. ಅಣ್ಣಂದಿರು ಕೋಟೆಯ ಆಚೆಯವರೆಗೂ ಹೆಗಲು ಬದಲಿಸುವವರಿಲ್ಲದೆ ಹೆಣ ಹೊತ್ತರು. ದಾರಿಯಲ್ಲಿ ದೊಡ್ಡಣ್ಣನ ಕಾಲು ನಡುಗುತ್ತಿದ್ದದ್ದು ಅವಳ ಕಣ್ಣಿಗೆ ಇನ್ನೂ ಕಟ್ಟಿದ ಹಾಗಿತ್ತು.

ಬಾವಿಕಟ್ಟೆಯ ಹತ್ತಿರ ಮಚ್ಚೇಂದ್ರ ಸಿಕ್ಕ. ಮುಖ ತೊಳೆದುಕೊಂಡಿದ್ದರೂ ಕಿವಿ ಕೆಂಪಗೇ ಇತ್ತು.

"'ನಿನ್ನ' ಅಂಬೋದೇ ಬರಾಬರ್ ಅಂತ," ಎಂದ. "ಪಾದ್ರಿ ಸಾಹೇಬ್ರ ಬಾಯಾಗ ಅದು ಛಲೋನೇ ಇರ್ತದ. ಮಾರುತಿ ಬಾಯಾಗ ಹ್ಯಾಂಗ ಬ್ಯಾರೆ ಆಗ್ತದೋ."

"ಶುರು ಮಾಡಿದಾಕಿ ನಾನೇ ಅಲ್ರಿ."

"ಹಂಗಾರ ನೀನೇ ಬಿಡಿಸು. ಒಮ್ಮಿ ಅಂದು ನೋಡು ನನಗ."

ಅವಳು ಸುತ್ತ ನೋಡಿದಳು. ಯಾರೂ ಇರಲಿಲ್ಲ. "ನಿ..." ಎಂದಳು, ನಾಲಗೆ ಮುಂದೆ ಹೋಗಲೊಲ್ಲದೆ ನಿಂತಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಚ್ಚೇಂದ್ರ ನಗಲು ನೋಡಿದ, ಆಗಲಿಲ್ಲ. ಹಗ್ಗವನ್ನು ಕಟ್ಟೆಯ ಮೇಲೆ ಸುರುಳಿ ಮಾಡಿಟ್ಟು ಹೋದ.

ಅಂಗಳದ ಹಿಂದೆ ಮುನ್ನಿ ಬೀಯ ಮನೆ. ತರಬೇತಿಗೆ ಬಂದವರಿಗೆಲ್ಲ ಅವಳ ಎಮ್ಮೆಯದೇ ಹಾಲು. ಸಂಜೆ ಸೂಗಮ್ಮ ಚರಿಗೆ ಹಿಡಿದು ಹೋದಾಗ ಮುದುಕಿ ಎಮ್ಮೆಯನ್ನು ಬೈಯುತ್ತಾ ಕೂತಿದ್ದಳು. ಅದು ಕಾಲೆತ್ತಿದಾಗಲೊಮ್ಮೆ "ತೂ ನಿಲ್ಲಂಗಿಲ್ಲೇನು" ಎಂದು ಗದರುತ್ತಿದ್ದಳು, ನಡುವೆ "ಯಾ ಅಲ್ಲಾ, ತೂನೇ ನೋಡು ಇದನ್ನ" ಎಂದು ಮೇಲಕ್ಕೊಂದು ದೂರು ಕೊಡುತ್ತಿದ್ದಳು.

"ಮಾರಿ ಯಾಕವ್ವ ಸಣ್ಣದಾಗ್ಯಾದ?" ಎಂದು ಕೇಳಿದಳು.

ಸೂಗಮ್ಮ ಮೊದಲು ಏನಿಲ್ಲ ಎಂದಳು. ಆಮೇಲೆ ಎಲ್ಲವನ್ನೂ ಹೇಳಿದಳು. ಬೇರೆ ಜಾತಿಯ, ಬೇರೆ ದೇವರ ಮುದುಕಿಗೆ ಹೇಳುವುದು ಸುಲಭವಾಗಿತ್ತು. ಮುನ್ನಿ ಬೀ ಹಾಲು ಕರೆಯುವುದನ್ನು ನಿಲ್ಲಿಸಿ ನಕ್ಕಳು.

"ನಮ್ಮ ಮಾತಿನಾಗ 'ನೀ'ಗ 'ತೂ', 'ನೀವು'ಗ 'ಆಪ್'. ಅಲ್ಲಾಗೂ 'ತೂ', ಈ ಎಮ್ಮಿಗೂ 'ತೂ'. 'ಆಪ್' ಅನಬೇಕಂಬೋರು ನಡುವಿನ ಮಂದಿ. ತಹಸೀಲ್ದಾರ್ರು, ಪೇಶ್ಕಾರ್ರು."

"ಗಂಡಗ?"

ಮುದುಕಿ ಕೆಚ್ಚಲಿಗೆ ನೀರು ಚಿಮುಕಿಸಿ ಮತ್ತೆ ಕರೆಯತೊಡಗಿದಳು. "ಇದ್ದಾಗ 'ಆಪ್' ಅಂತಿದ್ದೆ. ಈಗ ಶುಕ್ರವಾರ ಜುಮ್ಮಾಕ್ಕೊಮ್ಮಿ ಗೋರಿ ಮುಂದ ಕೂತು 'ತೂ' ಅಂತ ಮಾತಾಡ್ತೀನಿ. ಅಂವ ಸಿಟ್ಟಾಗಿಲ್ಲ. ಮೊದಲೇ ಅಂದಿದ್ರ ಇನ್ನೊಂದೀಟು ಮಾತಾಡತಿದ್ನೋ ಏನೋ."

ಹಾಲಿನ ಚರಿಗೆ ಹಿಡಿದು ತಿರುಗಿ ಬರುವಾಗ ಸೂಗಮ್ಮ ಬಾಯೊಳಗೇ ಆ ಮಾತನ್ನು ಹೊರಳಿಸಿ ಹೊರಳಿಸಿ ನೋಡಿದಳು. ಅಂಗಳದ ಮೂಲೆಯಲ್ಲಿ ಮೇಲಿನ ಓಣಿಯ ಗಂಡಸರು ಮಾರುತಿಯ ಸುತ್ತ ಕೂತು ಪಿಸುಗುಡುತ್ತಿದ್ದರು. ಅವಳನ್ನು ಕಂಡು ಸುಮ್ಮನಾದರು. ನಾಳೆಗೆ ಏನೋ ಹೂಡಿದ್ದಾರೆ ಎಂದುಕೊಂಡು ಅವಳು ಹೆಜ್ಜೆ ಬಿರುಸು ಮಾಡಿದಳು.

ಅಡುಗೆಯ ಒಲೆಗಳ ಹತ್ತಿರ ತಮ್ಮ ಓಣಿಯ ಹೆಂಗಸರನ್ನು ಸೇರಿಸಿ, ನಾಳೆ ಎಲ್ಲರೂ "ನಿನ್ನ" ಅನ್ನಬೇಕು, ನಿಮ್ಮ ನಿಮ್ಮ ಗಂಡಸರಿಗೂ ಹೇಳಿ ಎಂದಳು. ನೆಗೆಣ್ಣಿ ಭಾಗಮ್ಮ ಒಲೆಯಿಂದ ತಲೆಯೆತ್ತಿದಳು.

"ಮ್ಯಾಲಿನ ಓಣಿಯವರಿಗಿ ಸೋತಂಗ ಆಗಂಗಿಲ್ಲೇನು?"

"ಆಗ್ಲಿ."

"ಅಂವಗ ಮಾನ ಕೊಟ್ಟು ನಾವು 'ನಿಮ್ಮ' ಅಂದೇವಿ. ಈಗ ಆ ಮಾನ ತಗದು ಒಲಿಗಿ ಹಾಕು ಅಂತಿ."

"ನನ್ನ ಗಂಡಗ ನಾ ಅಂತೀನಿ ತಗೋ," ಎಂದಳು ಸೂಗಮ್ಮ. "ನಿನಗೇನು ತ್ರಾಸು? ನೀ ನಿನ್ನ ಗಂಡಗ ಅಂಬೋದು ಓಣಿಗೆಲ್ಲ ಕೇಳ್ತದ."

ಹೆಂಗಸರು ನಕ್ಕರು. ಭಾಗಮ್ಮನೂ ನಕ್ಕಳು, ರೊಟ್ಟಿ ಕರಕಾಯಿತು. ಅಲ್ಲಿಗೆ ಮಾತು ತೀರ್ಮಾನವಾಯಿತು.

ಭಾನುವಾರ ಹಂದರ ಕಿಕ್ಕಿರಿದಿತ್ತು. ಬಿಷಪ್ಪರು ಎತ್ತರದ ಕುರ್ಚಿಯಲ್ಲಿ ಕೂತಿದ್ದರು. ಬೇಮಳಖೇಡದ ಹಿರಿಯ ಮೊದಲ ಪ್ರಾರ್ಥನೆ ಹೇಳಿದ, ಕಲ್ಯಾಣಿಯವನು ಕೀರ್ತನೆ ಹೇಳಿಕೊಟ್ಟ. ಸೂಗಮ್ಮನಿಗೆ ಒಂದೂ ಕಿವಿಗೆ ಹೋಗಲಿಲ್ಲ. ಕೂತಲ್ಲೇ ಮಂಡಿ ಬದಲಿಸಿದಳು, ಸೆರಗು ಸರಿಪಡಿಸಿದಳು, ಮತ್ತೆ ಮಂಡಿ ಬದಲಿಸಿದಳು. ಆಮೇಲೆ ಮಚ್ಚೇಂದ್ರ ಎದ್ದು ನಿಂತ. ಅವನ ಕಣ್ಣು ಯಾರ ಮುಖದ ಮೇಲೂ ನಿಲ್ಲದೆ ಹಂದರದ ಗಳದ ಮೇಲೆ ನಿಂತಿತು.

"ಕರ್ತನು ನಿಮ್ಮ ಸಂಗಡ ಇರಲಿ."

ಸೂಗಮ್ಮ ಉಸಿರು ತುಂಬಿಕೊಂಡಳು. "ನಿನ್ನ ಆತ್ಮದ ಸಂಗಡಲೂ ಇರಲಿ," ಎಂದಳು, ಎಲ್ಲರಿಗಿಂತ ಅರೆಗಳಿಗೆ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ. ಕೆಳಗಿನ ಓಣಿ ಅವಳ ಬೆನ್ನಿಗೇ "ನಿನ್ನ" ಎಂದಿತು. ಅದೇ ಹೊತ್ತಿಗೆ ಬಲಗಡೆಯಿಂದ ಮಾರುತಿಯ ಗಡಸು ದನಿಯೂ, ಅವನ ಓಣಿಯವರ ದನಿಯೂ ಒಟ್ಟಾಗಿ ಎದ್ದವು.

"ನಿಮ್ಮ ಆತ್ಮದ ಸಂಗಡಲೂ ಇರಲಿ."

ಅವಳು ತಿರುಗಿ ನೋಡಿದಳು. ಮಾರುತಿಯೂ ಈ ಕಡೆ ನೋಡುತ್ತಿದ್ದ. ಮೈದಾನದಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಂಡು ಹೊರಟು, ಗೊತ್ತಾಗದೆ ಒಬ್ಬರನ್ನೊಬ್ಬರು ದಾಟಿ ಹೋದವರ ಹಾಗಿತ್ತು ಅವನ ಮುಖ. ನಿನ್ನೆಯ ಪಿಸುಮಾತು ಏನೆಂಬುದು ಅವಳಿಗೆ ಆಗ ತಿಳಿಯಿತು.

ಬಿಷಪ್ಪರು ತಲೆಯೆತ್ತಿದರು. ಪಾದ್ರಿ ಕಣ್ಣು ಮುಚ್ಚಿಕೊಂಡರು. ಪ್ರಾರ್ಥನೆಗೆ ಮುಚ್ಚಿದ ಕಣ್ಣಲ್ಲ ಅದು. ಮಚ್ಚೇಂದ್ರ ಮುಂದಿನ ಪ್ರಾರ್ಥನೆಗೆ ಹೋಗಬೇಕಿತ್ತು, ಹೋಗಲಿಲ್ಲ. ಗಳದ ಮೇಲಿದ್ದ ಕಣ್ಣನ್ನು ಇಳಿಸಿ ಮೊದಲು ಬಲಗಡೆ ನೋಡಿದ, ಆಮೇಲೆ ಎಡಗಡೆ. ಯಾರೂ ಹೇಳದೆ, ಯಾರನ್ನೂ ಕೇಳದೆ, ಮತ್ತೆ ಕೈ ಚಾಚಿದ.

"ಕರ್ತನು ನಿಮ್ಮ ಸಂಗಡ ಇರಲಿ."

ಈ ಸಲ ಎರಡು ಕಡೆಯವರಿಗೂ ಧೈರ್ಯ ಸಾಲಲಿಲ್ಲ. ಆಚೆಯವರು ಏನನ್ನುತ್ತಾರೋ ಎಂದು ಇವರು, ಇವರು ಏನನ್ನುತ್ತಾರೋ ಎಂದು ಅವರು. "ನಿ" ಎಂದರು ಎಲ್ಲರೂ, ಉಳಿದರ್ಧವನ್ನು ಗಂಟಲಲ್ಲೇ ನುಂಗಿದರು. ನುಂಗಿದ ಮೇಲೆ ಬಂದ "ಆತ್ಮದ ಸಂಗಡಲೂ ಇರಲಿ" ಎಂಬುದು ಮಾತ್ರ ಒಂದೇ ದನಿಯಾಗಿ ಎದ್ದು, ಸೊಪ್ಪೆಯ ಮೇಲೆ ಕೂತಿದ್ದ ಗುಬ್ಬಿಗಳು ಭರ್ರನೆ ಹಾರಿದವು.

ಬಿಷಪ್ಪರು ಹಿರಿಯರೆಲ್ಲರ ತಲೆಯ ಮೇಲೂ ಕೈಯಿಟ್ಟರು, ಮಚ್ಚೇಂದ್ರನ ತಲೆಯ ಮೇಲೂ ಇಟ್ಟರು. ಊಟಕ್ಕೆ ಕೂತಾಗ, ಕೊಡಂಬಲದವರು ಮೊದಲ ಮಾತನ್ನು ಯಾಕೆ ನುಂಗುತ್ತಾರೆ ಎಂದು ಪಾದ್ರಿಯನ್ನು ಕೇಳಿದರಂತೆ. ಅದು ಆ ಊರಿನ ರೂಢಿ ಎಂದು ಪಾದ್ರಿ ಹೇಳಿದರಂತೆ. ನೀರು ಕೊಡುತ್ತಿದ್ದ ಭಾಗಮ್ಮ ಕೇಳಿಸಿಕೊಂಡು ಬಂದು ಎಲ್ಲರಿಗೂ ಹೇಳಿದಳು.

ಹೊತ್ತು ಬಾಗಿದ ಮೇಲೆ ಊರಿಗೆ ಹೊರಟರು. ಬರುವಾಗ ಮೇಲಿನ ಓಣಿಯ ಹೆಂಗಸರು, ಮುದುಕರು ಮಾರುತಿಯ ಗಾಡಿಯಲ್ಲಿ ಬಂದಿದ್ದರು, ಕೆಳಗಿನ ಓಣಿಯವರು ಅದರ ಧೂಳಿನ ಹಿಂದೆ ನಡೆದು ಬಂದಿದ್ದರು. ಈಗಲೂ ಗಾಡಿ ಮುಂದೆ ಹೋಗಿತ್ತು. ಆದರೆ ಹುಮನಾಬಾದಿನ ಕೊನೆಯ ಮನೆ ದಾಟಿದ ಮೇಲೆ, ಜಾಲಿಯ ಮರದ ಕೆಳಗೆ ಅದು ನಿಂತಿರುವುದು ಕಾಣಿಸಿತು. ಎತ್ತುಗಳೇನೂ ದಣಿದಿರಲಿಲ್ಲ.

ಹತ್ತಿರ ಬಂದಾಗ ಮಾರುತಿ ಇವರ ಕಡೆ ನೋಡಲಿಲ್ಲ. ಎತ್ತಿನ ಬೆನ್ನ ಮೇಲಿನ ನೊಣವನ್ನು ಬಾರುಕೋಲಿನ ತುದಿಯಿಂದ ಎಬ್ಬಿಸುತ್ತಾ ಹೇಳಿದ:

"ಹತ್ರಿ, ಮಚ್ಚೇಂದ್ರಪ್ಪ. ಬಿಸಲು ಇನ್ನಾ ಅದ."

ಆ ಹೆಸರಿನ ಕೊನೆಗೆ ಒಂದು "ಅಪ್ಪ" ಸೇರಿದ್ದನ್ನು ಮಚ್ಚೇಂದ್ರ ಹುಟ್ಟಿದಾಗಿನಿಂದ ಆ ಓಣಿಯ ಬಾಯಿಂದ ಕೇಳಿರಲಿಲ್ಲ. ಹತ್ತುವುದೋ ಬಿಡುವುದೋ ತಿಳಿಯದೆ ಹೆಂಡತಿಯ ಕಡೆ ನೋಡಿದ.

"ನೀ ಹತ್ತು," ಎಂದಳು ಸೂಗಮ್ಮ, ತಲೆಯ ಮೇಲಿನ ರೊಟ್ಟಿಯ ಗಂಟು ಇಳಿಸುತ್ತಾ. "ನಾ ಹಿಂದ ಬರ್ತೀನಿ."

ಅಂದ ಮೇಲೆ ಅವಳಿಗೇ ಕೇಳಿಸಿತು. ಬೆಚ್ಚಿ ಸುತ್ತ ನೋಡಿದಳು. ಭಾಗಮ್ಮ ಕೂಡ ನಗಲಿಲ್ಲ. ಮಚ್ಚೇಂದ್ರ ಅವಳನ್ನೇ ಒಂದು ಗಳಿಗೆ ನೋಡಿ, ಗಾಲಿಯ ಮೇಲೆ ಕಾಲಿಟ್ಟು ಹತ್ತಿದ. ಮಾರುತಿ ಜರುಗಿ ಪಕ್ಕದಲ್ಲಿ ಜಾಗ ಬಿಟ್ಟ.

ಗಾಡಿಯ ಹಿಂದಿನಿಂದ ಮಾರುತಿಯ ಮುದಿ ಹೆಂಡತಿ ಎರಡೂ ಕೈ ಚಾಚಿದಳು. ಯಾಕೆಂದು ತಿಳಿಯಲು ಸೂಗಮ್ಮನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ರೊಟ್ಟಿಯ ಗಂಟನ್ನು ಎತ್ತಿ ಕೊಟ್ಟಳು. ಎತ್ತುಗಳು ಹೊರಟವು. ಮುದುಕಿ ಆ ಗಂಟನ್ನು ಕೆಳಗಿಡದೆ ತೊಡೆಯ ಮೇಲೆ ಇಟ್ಟುಕೊಂಡು, ಗಾಡಿ ಕುಲುಕಿದಾಗಲೆಲ್ಲ ಎರಡೂ ಕೈಯಿಂದ ಒತ್ತಿ ಹಿಡಿಯುತ್ತಾ ಕೂತಳು.