ಬೆನ್ನುನೋವಿನ ತರಗತಿ

ಅವನು ಬಟ್ಟೆ ಅಂಗಡಿಯಲ್ಲಿ ಶರ್ಟು ಮಾರುವವನು. ಗೋಡೆ ತುಂಬ ಕನ್ನಡಿಯಿದ್ದ ಆ ಅಂಗಡಿಯಲ್ಲಿ ಎತ್ತ ತಿರುಗಿದರೂ ತನ್ನ ಹೊಟ್ಟೆಯೇ ಎದುರಾಗುತ್ತಿತ್ತು. ಮಾಲೀಕ ಮೈಗಂಟುವ ಟೀ ಶರ್ಟನ್ನು ಸಮವಸ್ತ್ರ ಮಾಡಿದ ದಿನ, ಬಸುರಿ ಗಿರಾಕಿಯೊಬ್ಬಳ ಪುಟ್ಟ ಮಗಳು ಅವನ ಹೊಟ್ಟೆಗೆ ಬೆರಳು ಚುಚ್ಚಿ, "ಅಮ್ಮಾ, ಈ ಮಾಮನ ಹೊಟ್ಟೇಲೂ ಪಾಪು ಇದೆಯಾ?" ಎಂದು ಕೇಳಿಯೇಬಿಟ್ಟಳು. ಅಂಗಡಿಗೆ ಅಂಗಡಿಯೇ ನಕ್ಕಿತು. ಅವನೂ ಹಲ್ಲು ಕಿರಿದ. ಒಳಗೆ ಮಾತ್ರ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಬಡಾವಣೆಯ ವ್ಯಾಯಾಮ ಕೇಂದ್ರದಲ್ಲಿ ಸಂಜೆ ಎರಡು ತರಗತಿಗಳು ನಡೆಯುತ್ತಿದ್ದವು. ಒಂದು ಕೋಣೆಯಲ್ಲಿ ಭಾರ ಎತ್ತಿ ಮೈ ಹುರಿಗೊಳಿಸುವವರು. ಪಕ್ಕದ ಕೋಣೆಯಲ್ಲಿ ಕುರ್ಚಿಯಲ್ಲಿ ಕೂತೇ ಕೈಕಾಲು ಆಡಿಸುವ ಬೆನ್ನುನೋವಿನವರು. ಅವನು ಹೋಗಿದ್ದು ಮೊದಲನೆಯದಕ್ಕೇ. ಆದರೆ ಶಿಕ್ಷಕಿ, "ಯಾವ ಕ್ಲಾಸು? ಯಾಕೆ ಸೇರ್ತಿದ್ದೀರಿ?" ಎಂದು ಕೇಳುವ ಹೊತ್ತಿಗೆ ಹಿಂದೆ ಇಬ್ಬರು ಕಟ್ಟುಮಸ್ತಾದ ಹುಡುಗರು ಬಂದು ನಿಂತಿದ್ದರು. ಮೈಕಟ್ಟು ಬೇಕು ಎಂಬ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಒಣಗಿತು.

"ಬೆನ್ನು ನೋವು, ಮೇಡಂ," ಅಂದ.

"ಅಯ್ಯೋ ಪಾಪ, ಈ ವಯಸ್ಸಿಗೇನಾ? ಬನ್ನಿ ಬನ್ನಿ," ಎಂದು ಆಕೆ ತಾನೇ ಎದ್ದು ಪಕ್ಕದ ಕೋಣೆಗೆ ಕರೆದೊಯ್ದಳು.

ನಾಲ್ಕು ದಿನ ಕಳೆದ ಮೇಲೆ ತರಗತಿ ಬದಲಾಯಿಸಿಕೊಂಡರಾಯಿತು ಅಂದುಕೊಂಡ. ಆದರೆ ಅಲ್ಲಿದ್ದವರು ಬಿಡಬೇಕಲ್ಲ! ನಿವೃತ್ತ ಬಸ್ ಡ್ರೈವರೊಬ್ಬರು ಅವನಿಗೆಂದು ಒಳ್ಳೆಯ ಕುರ್ಚಿ ಹಿಡಿದಿಡುತ್ತಿದ್ದರು. ಇನ್ನೊಬ್ಬಳು, ಆಯುಷ್ಯವೆಲ್ಲ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂತು ಬೆನ್ನು ಹಾಳು ಮಾಡಿಕೊಂಡ ಮುದುಕಿ. ಎಲ್ಲರ ಬಾಯಲ್ಲೂ ಹೊಲಿಗೆಯಜ್ಜಿ. ಅವಳಂತೂ ಒಂದು ಸಂಜೆ ತನ್ನ ಸೊಂಟದ ಬೆಲ್ಟನ್ನೇ ಬಿಚ್ಚಿ ಅವನ ತೊಡೆಯ ಮೇಲಿಟ್ಟಳು.

"ಬೇಡ ಅಜ್ಜಿ, ನಿಮಗೆ ಬೇಕಾಗುತ್ತೆ."

"ನಾನು ಮನೇಲಿ ಬಿದ್ದಿರೋಳು. ನೀನು ದಿನವಿಡೀ ನಿಂತು ದುಡಿಯೋನು. ಸುಮ್ನೆ ಕಟ್ಕೋ."

ಎಲ್ಲರೂ ನೋಡುತ್ತಿದ್ದರು. ಕಟ್ಟಿಕೊಂಡ. ಮರುದಿನ ಅಂಗಡಿಯಲ್ಲಿ ನೋಡಿಕೊಂಡರೆ, ಬೆಲ್ಟು ಹೊಟ್ಟೆಯನ್ನು ಒಳಕ್ಕೆ ಒತ್ತಿ ಹಿಡಿದು ಟೀ ಶರ್ಟು ಲಕ್ಷಣವಾಗಿ ಕೂತಿತ್ತು. ಹಿಂದಿರುಗಿಸುವುದು ಇವತ್ತು ನಾಳೆ ಎಂದು ಮುಂದಕ್ಕೆ ಹೋಗುತ್ತಲೇ ಇತ್ತು.

ಕೆಲವು ವಾರಗಳ ಮೇಲೆ ಒಂದು ಸಂಜೆ, ಕುರ್ಚಿಯಿಂದ ಏಳಲು ಹೋದ ಅಜ್ಜಿಯ ಸೊಂಟ ಹಿಡಿದುಕೊಂಡುಬಿಟ್ಟಿತು. ಕೂರಲೂ ಆಗದು, ನಿಲ್ಲಲೂ ಆಗದು. ಕೇಂದ್ರವಿದ್ದುದು ಮೇಲ್ಮಹಡಿಯಲ್ಲಿ. ಅವನು ಹಿಂದೆ ಮುಂದೆ ನೋಡದೆ ಅವಳನ್ನು ಎರಡು ತೋಳಲ್ಲಿ ಎತ್ತಿಕೊಂಡು ಮೆಟ್ಟಿಲಿಳಿದ. ನರಳಾಟದ ನಡುವೆಯೂ ಅವಳು ಅವನ ಕಿವಿಯ ಹತ್ತಿರ, "ಮಗಾ, ನಿನ್ನ ಬೆನ್ನು... ಜೋಪಾನ ಕಣೋ," ಅಂದಳು.

ಆ ರಾತ್ರಿ ಅವನಿಗೆ ಅನ್ನ ಸೇರಲಿಲ್ಲ. ಹೆಂಡತಿ ಏನಾಯಿತೆಂದು ಕೇಳಿದರೆ ಅದಕ್ಕೂ ಬೆನ್ನು ನೋವನ್ನೇ ಮುಂದೆ ಮಾಡಿದ.

ಮರುದಿನ ಬೆಲ್ಟು ಹಿಡಿದು ಅಜ್ಜಿಯ ಮನೆಗೆ ಹೋದ. ಬಾಗಿಲು ತೆಗೆದ ಸೊಸೆ, "ನಿಮಗೂ ಬೆನ್ನು ನೋವಂತಲ್ಲ, ನಿಂತ್ಕೋಬೇಡಿ," ಎಂದು ಕುರ್ಚಿಗೆ ದಿಂಬು ಒರಗಿಸಿಟ್ಟಳು. ಅವನು ಕೂರಲಿಲ್ಲ. ಹಾಸಿಗೆಯ ಬದಿಗೆ ನಿಂತು, ಮಗುವಿನ ಮಾತಿನಿಂದ ಹಿಡಿದು ಟೀ ಶರ್ಟಿನೊಳಗೆ ಬೆಲ್ಟು ಕಟ್ಟಿಕೊಂಡದ್ದರವರೆಗೆ ಎಲ್ಲವನ್ನೂ ಹೇಳಿಬಿಟ್ಟ.

ಅಜ್ಜಿ ಬೆಲ್ಟನ್ನು ಅವನ ಕೈಯಿಂದ ಕಿತ್ತುಕೊಂಡಳು.

"ಮೈಕಟ್ಟು ಬೇಕು ಅಂದಿದ್ರೆ ಏನಾಗ್ತಿತ್ತೋ? ನಾಲ್ಕು ಜನ ನಗ್ತಿದ್ರು. ನಾನೂ ನಗ್ತಿದ್ದೆ. ಅಷ್ಟಕ್ಕೆ ಹೆದರಿ ನನ್ನ ಸೊಂಟ ಮುರಿದ್ಯಲ್ಲೋ!" ಎಂದು ಗೋಡೆಯ ಕಡೆಗೆ ಮುಖ ತಿರುಗಿಸಿದಳು. ಸೊಸೆ ಸದ್ದಿಲ್ಲದೆ ದಿಂಬನ್ನು ಎತ್ತಿಕೊಂಡು ಒಳಗೆ ಹೋದಳು.

ಅವನು ಭಾರ ಎತ್ತುವ ತರಗತಿಗೆ ಸೇರಿಕೊಂಡ. ಬೆನ್ನುನೋವಿನವರು ಬರುವ ಮೊದಲೇ ಕಳ್ಳನಂತೆ ಒಳಗೆ ಸೇರಿ, ಅವರು ಹೋದ ಮೇಲೆ ಹೊರಬೀಳುತ್ತಿದ್ದ. ಅಜ್ಜಿ ಚೇತರಿಸಿಕೊಂಡು ಮತ್ತೆ ಬಂದ ದಿನ ಮಾತ್ರ ಮೊಗಸಾಲೆಯಲ್ಲೇ ಸಿಕ್ಕಿಬಿದ್ದ.

"ಏನಯ್ಯಾ, ನೀನು ಆ ಕೋಣೇಲಿ?" ಡ್ರೈವರ್ ಕೇಳಿದರು.

ಅವನು ಬಾಯಿ ತೆರೆಯುವ ಮೊದಲೇ ಅಜ್ಜಿ, "ಅವನಿಗೆ ವಾಸಿಯಾಯ್ತು ಕಣ್ರೀ," ಅಂದಳು.

ಎಲ್ಲರೂ ಚಪ್ಪಾಳೆ ತಟ್ಟಿದರು. ಡ್ರೈವರ್ ಅವನ ಹೆಗಲ ಮೇಲೆ ಕೈಯಿಟ್ಟರು. ಅವರ ಕಣ್ಣಲ್ಲಿ ನೀರಾಡುತ್ತಿತ್ತು. "ಹಾಗಾದ್ರೆ ನಮಗೂ ಆಗುತ್ತೆ ಅನ್ನು. ಯಾವ ವ್ಯಾಯಾಮ ಮಾಡ್ದೆ? ಸ್ವಲ್ಪ ಹೇಳ್ಕೊಡಪ್ಪಾ."

ಅವನು ಅಜ್ಜಿಯ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು.

"ನನಗೆ ನೋವೇ ಇರಲಿಲ್ಲ. ಸುಳ್ಳು ಹೇಳಿದ್ದೆ."

ಡ್ರೈವರ್ ಹೆಗಲಿನಿಂದ ಕೈ ತೆಗೆದರು. ಅವನನ್ನೇ ನೋಡಿ, "ಹಾಗಾದ್ರೆ ಒಳಗಿರೋ ಕುರ್ಚಿಗಳನ್ನ ತಂದು ಹಾಕು. ನಮ್ಮ ಕೈಲಾಗಲ್ಲ," ಅಂದರು.

ಅವನು ಒಂದೊಂದಾಗಿ ತಂದು ಹಾಕಿದ. ಡ್ರೈವರ್ ತನಗೆಂದು ಹಿಡಿದಿಡುತ್ತಿದ್ದ ಒಳ್ಳೆಯ ಕುರ್ಚಿಯನ್ನು ಅಜ್ಜಿಗೆ ಹಾಕಿದ.