ಚಲೋ ಓದುವ ಚಸ್ಮಾ

ದೇವಣಗಾಂವದ ರೋಷನಬಿಗೆ ನಲವತ್ತಾರನೆಯ ವಯಸ್ಸಿನಲ್ಲಿ ಕೈ ಗಿಡ್ಡವಾದವು. ಹಾಗಂತ ಅವಳೇ ಹೇಳುತ್ತಿದ್ದಳು. ಮೊದಲು ಕಾಗದವನ್ನು ಒಂದು ಗೇಣು ದೂರ ಹಿಡಿದರೆ ಸಾಕಿತ್ತು, ಆಮೇಲೆ ಮೊಳ ಬೇಕಾಯಿತು, ಈಗ ತೋಳು ಪೂರಾ ಚಾಚಿದರೂ ಅಕ್ಷರ ಇನ್ನೂ ಆಚೆಗೇ ಓಡುತ್ತಿತ್ತು. ಕಣ್ಣಿಗೆ ಏನಾದರೂ ಆಗಿದೆಯೆಂದು ಒಪ್ಪಲು ಅವಳು ತಯಾರಿರಲಿಲ್ಲ. ಊರಾಚೆಯ ಬೇವಿನ ಗಿಡದ ಮೇಲೆ ಎಷ್ಟು ಕಾಗೆ ಕೂತಿವೆಯೆಂದು ಹೊಸ್ತಿಲಲ್ಲಿ ನಿಂತೇ ಎಣಿಸುವವಳಿಗೆ ಕಣ್ಣಿನ ರೋಗವೇ?

ಬೇರೆ ಯಾರಿಗಾದರೂ ಹೀಗಾಗಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಆದರೆ ಓಣಿಯ ಹೆಂಗಸರಲ್ಲಿ ಓದು ಬಲ್ಲವಳು ಅವಳೊಬ್ಬಳೇ, ಕನ್ನಡ ನಾಲ್ಕನೇ ಇಯತ್ತೆ ಪಾಸಾದವಳು. ಗಂಡಸರ ಕೈಗೆ ಕಾಗದ ಕೊಟ್ಟರೆ ಸಂಜೆಯೊಳಗೆ ಚಾವಡಿಯಲ್ಲಿ ಅದರ ಪುರಾಣ ಶುರುವಾಗುತ್ತದೆಂದು ಎಲ್ಲ ಜಾತಿಯ ಹೆಂಗಸರೂ ರೋಷನಬಿಯ ಪಡಸಾಲೆಗೇ ಬರುತ್ತಿದ್ದರು. ಓದುವವಳೂ ಅವಳೇ, ಜವಾಬು ಬರೆಯುವವಳೂ ಅವಳೇ. ಬರೆಯಲು ತೊಂದರೆಯಿರಲಿಲ್ಲ, ಮೂವತ್ತು ವರ್ಷ ಬರೆದ ಕೈಗೆ ದಾರಿ ಗೊತ್ತಿತ್ತು. ಕುತ್ತು ಬಂದದ್ದು ಓದಿಗೆ.

ಒಂದು ಚಸ್ಮಾ ತಂದರೆ ಆಯಿತಲ್ಲ ಎನ್ನುತ್ತೀರಿ. ಅನ್ನುವವರಿಗೇನು! ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದು ಮೂರು ವರ್ಷವಾಗಿದ್ದ ಆ ದಿನಗಳಲ್ಲಿ ಊರಿನಲ್ಲಿ ಚಸ್ಮಾ ಇದ್ದವರು ಇಬ್ಬರೇ, ಒಬ್ಬ ಊರ ಲೆಕ್ಕ ಬರೆಯುವ ತಲಾಠಿ, ಇನ್ನೊಬ್ಬರು ಎಂಬತ್ತು ದಾಟಿದ ಮುಲ್ಲಾ. ಹೆಂಗಸು ಚಸ್ಮಾ ಹಾಕುವುದೂ ಮುದುಕಿಯಾದೆನೆಂದು ಡಂಗುರ ಹೊಡೆಸುವುದೂ ಒಂದೇ. ಇನ್ನೂ ದಿನಾ ಸುರ್ಮಾ ಹಚ್ಚುವ ರೋಷನಬಿಗೆ ಅದು ಬೇಕಿರಲಿಲ್ಲ.

ಮೊದಲ ತಪ್ಪು ನಡೆದದ್ದು ಪಕ್ಕದ ಮನೆಯ ಸುಂದರವ್ವನ ಕಾರ್ಡಿನಲ್ಲಿ. ಸುಂದರವ್ವ ಗಂಡ ಸತ್ತವಳು. ಒಬ್ಬನೇ ಮಗ ಪರಮಾನಂದ ಸೊಲ್ಲಾಪುರದ ಬಟ್ಟೆ ಗಿರಣಿಯಲ್ಲಿದ್ದ. ಊಟ ಆಯ್ತೇನೋ ಎಂದರೆ ತಲೆಯಾಡಿಸಿ ಹೋಗುವಂಥ ಹುಡುಗ, ಮಾತಿಗೆ ಬರಗಾಲ. ಅಂದು ಸುಂದರವ್ವ ಹಲ್ಲುನೋವಿನಿಂದ ಬಾತ ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ಬಂದು, ಕಾರ್ಡು ಕೊಟ್ಟು, ಎದುರಿಗೆ ಕೂತಳು. ರೋಷನಬಿ ನೋಡಿದರೆ ಕಾರ್ಡಿನ ಮೇಲೆ ಬರೀ ಇರುವೆ. ಸುಂದರವ್ವನ ಕಣ್ಣು ಮಾತ್ರ ಅವಳ ತುಟಿಯ ಮೇಲೇ ಇತ್ತು. ಏನು ಮಾಡಬೇಕು? ಬಾಯಿ ತಾನಾಗಿಯೇ ಓದಿತು.

"ಅವ್ವಾ, ನಾ ಕ್ಷೇಮ ಅದೇನಿ. ಗಿರಣಿ ಭೋಂಗಾ ಊದಿದಾಗೊಮ್ಮೆ ನಿನ್ನ ರೊಟ್ಟಿ ಬಡಿಯೂ ಸಪ್ಪಳ ಕೇಳಿಸಿದಂಗ ಆಕ್ಕೈತಿ."

ಸುಂದರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನ್ನ ಮಗಾ ಹಿಂಗಂದಾನ? ಇನ್ನೊಮ್ಮೆ ಓದು ಬೇ." ಇನ್ನೊಮ್ಮೆ ಓದಿದಾಗ ಅದಕ್ಕೆ ಹಿಟ್ಟಿನ ವಾಸನೆಯೂ ಸೇರಿಕೊಂಡಿತು.

ಅಲ್ಲಿಂದ ಎಂಟು ತಿಂಗಳು ಪರಮಾನಂದ ದೇವಣಗಾಂವದ ದೊಡ್ಡ ಮಾತುಗಾರನಾದ. ಅವನ ಕಾರ್ಡು ಬಂತೆಂದರೆ ಓಣಿಯ ಲಕ್ಕವ್ವ ಮೊರ ಹಿಡಿದುಕೊಂಡು, ಬಿಬಿಜಾನ ಕೌದಿ ಹಿಡಿದುಕೊಂಡು ಪಡಸಾಲೆ ತುಂಬಿಬಿಡುತ್ತಿದ್ದರು. ಒಂದು ದಿನ ಸುಂದರವ್ವ ಬಹಳ ಬಾಡಿ ಕೂತಿದ್ದಳು. ನೋಡಲಾಗದೆ ರೋಷನಬಿ ಅವನ ಬಾಯಿಂದ ಇನ್ನೊಂದು ಮಾತು ಆಡಿಸಿದಳು: "ಅವ್ವಾ, ನನಗೊಂದು ಹುಡುಗಿ ನೋಡು."

ಅಯ್ಯೋ, ಆಡಬಾರದಿತ್ತು. ಸುಂದರವ್ವ ಮರುದಿನವೇ ಗೊಳಸಂಗಿಯ ಮೋಟಾರು ಹತ್ತಿ, ಅಣ್ಣ ಭೀಮಶ್ಯಾನ ಮಗಳು ರೇಣವ್ವನನ್ನು ನೋಡಿ, ಮಾತು ಮುಗಿಸಿಯೇ ಬಂದಳು. "ನೀ ಹೇಳಿದಂಗ ಹುಡುಗಿ ನೋಡೇನಿ" ಎಂದು ಜವಾಬು ಬರೆಸಿದಳು. ಬರೆದವಳು ರೋಷನಬಿಯೇ. ಆಮೇಲೆ ಸೊಲ್ಲಾಪುರದಿಂದ ಕಾರ್ಡುಗಳು ವಾರಕ್ಕೊಂದು, ವಾರಕ್ಕೆರಡು ಬರತೊಡಗಿದವು. ಹುಡುಗ ಖುಷಿಯಲ್ಲಿದ್ದಾನೆ ಎಂದು ಓಣಿ ನಕ್ಕಿತು. ರೋಷನಬಿಗೆ ಮಾತ್ರ ಹೆದರಿಕೆ ಹತ್ತಿತು. ಬರುವ ಬುಧವಾರ ಭೀಮಶ್ಯಾ ಸಕ್ಕರೆ ಹಂಚಿ ಸಂಬಂಧ ಗಟ್ಟಿಮಾಡಲು ಬರುವವನಿದ್ದ. ಸಕ್ಕರೆ ಹಂಚಿದ ಮೇಲೆ ಹುಡುಗ ಒಲ್ಲೆ ಎಂದರೆ ಆ ಹುಡುಗಿಯ ಮಾನ ಹೋಯಿತು, ಅಣ್ಣತಂಗಿಯ ಸಂಬಂಧ ಹೋಯಿತು, ರೋಷನಬಿಗೆ ಪಕ್ಕದ ಮನೆಯ ಬಾಗಿಲು ಸಾಯುವ ತನಕ ಮುಚ್ಚಿತು. ಅದಕ್ಕೆ ಮೊದಲು ಆ ಕಾರ್ಡುಗಳಲ್ಲಿ ಏನಿದೆ ಎಂದು ಗೊತ್ತಾಗಲೇಬೇಕು. ಮುದುಕಿ ಅನ್ನಲಿ, ಮುಲ್ಲಾನ ಅಕ್ಕ ಅನ್ನಲಿ, ಚಸ್ಮಾ ಬೇಕು.

ಸಿಂದಗಿಯ ಸಂತೆಗೆ ಒಬ್ಬಳೇ ಗುಟ್ಟಾಗಿ ಹೋಗಬೇಕೆಂದುಕೊಂಡಿದ್ದಳು. ಎಲ್ಲಿಯ ಗುಟ್ಟು! ಸೀರೆ ಆರಿಸಲು ನಾಲ್ಕು ಜನ ಬೇಕು, ಮೋರೆಯ ಮೇಲೆ ದಿನಾ ಕೂರುವ ವಸ್ತುವಿಗೆ ಬೇಡವೇ ಎಂದು ಸುಂದರವ್ವ, ಲಕ್ಕವ್ವ, ಬಿಬಿಜಾನ ಮೂವರೂ ಚಕ್ಕಡಿ ಹತ್ತಿದರು.

ಚಸ್ಮಾದ ಬಾಬುಲಾಲ ಬೇವಿನ ಗಿಡದ ಕೆಳಗೆ ಹಲಗೆ ಹಾಕಿಕೊಂಡು ಕೂತಿದ್ದ. ವಯಸ್ಸು ಕೇಳಿ ನಂಬರು ಕೊಡುವುದು ಅವನ ವೈದ್ಯಕೀಯ.

"ವಯಸ್ಸೆಷ್ಟು ಅಕ್ಕಾರ?"

"ಮೂವತ್ತೆಂಟು," ಎಂದಳು ರೋಷನಬಿ.

ಲಕ್ಕವ್ವ ಕಿಸಕ್ಕನೆ ನಕ್ಕಳು. "ಆಕಿ ಮೊಮ್ಮಗಗ ಹತ್ತಾತು. ಮೂವತ್ತೆಂಟಂತ, ಮೂವತ್ತೆಂಟು!"

ಬಾಬುಲಾಲ ನಲವತ್ತೈದರ ಸಾಲಿನಿಂದ ಕರಿಯ ದುಂಡು ಚಸ್ಮಾವೊಂದನ್ನು ತೆಗೆದು ಏರಿಸಿದ. ಕನ್ನಡಿಯಲ್ಲಿ ನೋಡಿದ ರೋಷನಬಿಗೆ ತನ್ನ ಮೋರೆಯ ಜಾಗದಲ್ಲಿ ಗೂಗೆ ಕಂಡಿತು. "ಫೌಜದಾರ ಕಂಡಂಗ ಕಾಣ್ತೀ," ಎಂದಳು ಬಿಬಿಜಾನ. ಆದರೂ ಓದಿ ನೋಡಬೇಕಲ್ಲ. ಸುಂದರವ್ವ ಕುಪ್ಪಸದೊಳಗಿಂದ ಮಗನ ಹೊಸ ಕಾರ್ಡು ತೆಗೆದಳು. "ಇದನ್ನ ಓದಬೇ. ಹಳೇ ಕಣ್ಣಿಲೆ ಓದಿದ್ದಕ್ಕೂ ಹೊಸಾ ಕಣ್ಣಿಲೆ ಓದಿದ್ದಕ್ಕೂ ತಾಳೆ ಹಾಕಿ ನೋಡೂಣು."

ರೋಷನಬಿ ಕಾರ್ಡು ನೋಡಿದಳು. ಎಂಟು ತಿಂಗಳ ಮೇಲೆ ಅಕ್ಷರಗಳು ಒಂದೊಂದೇ ಎದ್ದು ನಿಂತವು. ಆ ಸಂತೋಷದ ಭರದಲ್ಲಿ ನಾಲಗೆಗೆ ಲಗಾಮು ಹಾಕುವುದು ಮರೆತಳು.

"ಅವ್ವಗ ಪರಮಾನಂದನ ನಮಸ್ಕಾರ. ಯಾವ ಹುಡುಗಿ? ಯಾರ ಕೇಳ್ಯಾರ? ಲಗ್ನದ ಮಾತ ನಾ ಎತ್ತೇ ಇಲ್ಲ. ಇದು ಐದನೇ ಸಲ ಬರಿಯಾಕತ್ತೇನಿ. ನಿನಗ ಕಾಗದ ಓದಿ ಹೇಳಾಕಿಗೆ ಬುದ್ಧಿ ನೆಟ್ಟಗೈತೇನು..."

ಮುಂದೆ ಬಾಯಿ ಕಟ್ಟಿತು. ಈಗ ಭೂಮಿ ಬಾಯಿ ಬಿಟ್ಟರೆ ಸಾಕು ಎಂದುಕೊಂಡಳು ರೋಷನಬಿ. ಸುಂದರವ್ವನ ಮೂಗಿನ ಹೊಳ್ಳೆ ಅರಳಿದವು. ತಿರುಗಿ ನಿಂತದ್ದು ಬಾಬುಲಾಲನ ಕಡೆಗೆ.

"ಎಂಥಾ ದರಿದ್ರ ಚಸ್ಮಾ ಇಟ್ಟೀಯೋ ಮಾರಾಯಾ? ಎಂಟು ತಿಂಗಳಾತು, ನನ್ನ ಮಗ ಒಂದ ಒರಟ ಮಾತ ಆಡಿಲ್ಲ. ನಿನ್ನ ಚಸ್ಮಾದಾಗ ಬಂದಕೂಡ್ಲೆ ಅವ್ವಗ ಎದುರು ಮಾತಾಡ್ತಾನ!"

"ಚಸ್ಮಾ ಏನ ಮಾಡತೈತ್ರಿ? ಇದ್ದದ್ದ ತೋರಸತೈತಿ."

"ನೋಡು, ಬಣ್ಣಾನ ಕರೀದೈತಿ," ಎಂದಳು ಲಕ್ಕವ್ವ. "ಕರೀ ಚಸ್ಮಾದಾಗ ಬೆಳ್ಳಗಿನ ಮಾತ ಹೆಂಗ ಬರ್ತಾವು? ಬ್ಯಾರೇದ ಕೊಡು."

"ಕುಣಿಯಾಕ ಬರದಾಕಿ ಅಂಗಳ ಡೊಂಕ ಅಂದ್ಲಂತ," ಎಂದು ಗೊಣಗುತ್ತ ಬಾಬುಲಾಲ ಕಂದು ಬಣ್ಣದ್ದೊಂದು ಕೊಟ್ಟ. ಅದು ಎಂಬತ್ತು ದಾಟಿದವರ ನಂಬರು. ಅಕ್ಷರಗಳು ಹಂಡೆಯಷ್ಟಾಗಿ ಒಂದರೊಳಗೊಂದು ಕರಗಿದವು. ರೋಷನಬಿ ಉಸಿರು ಬಿಟ್ಟಳು. "ಅವ್ವಾ, ಹುಡುಗಿ ಬಗ್ಗೆ ವಿಚಾರ ಮಾಡಾಕತ್ತೇನಿ," ಎಂದು ಮೆಲ್ಲಗೆ ಓದಿದಳು.

"ಇದು ಅಡ್ಡಿಯಿಲ್ಲ," ಎಂದಳು ಬಿಬಿಜಾನ. "ಆದ್ರೂ ಪೂರಾ ಚಲೋ ಓದವಲ್ಲದು."

ಕೊನೆಗೆ ಹಲಗೆಯ ತುದಿಯಲ್ಲಿದ್ದ ಕೆಂಪು ಚಸ್ಮಾ ಬಂತು. ಎರಡೂ ತುದಿ ಮೇಲಕ್ಕೇರಿ, ಮೂಲೆಯಲ್ಲಿ ಮಿಂಚುವ ಹರಳು ಕೂರಿಸಿದ್ದು. ಮುಂಬೈ ಫ್ಯಾಶನ್ನು, ಬರೇ ಶೋಕಿಯದು, ಗಾಜಿಗೆ ನಂಬರೇ ಇಲ್ಲ ಎಂದು ಬಾಬುಲಾಲ ಹೇಳುತ್ತಿರುವಾಗಲೇ ಲಕ್ಕವ್ವ ಅದನ್ನು ಏರಿಸಿಬಿಟ್ಟಳು. ಕನ್ನಡಿಯಲ್ಲಿ ರೋಷನಬಿ ಮೂವತ್ತೆಂಟರವಳೇ ಕಂಡಳು, ಹೆಚ್ಚೆಂದರೆ ಮೂವತ್ತೊಂಬತ್ತು. ಕಾರ್ಡಿನಲ್ಲಿ ಮತ್ತೆ ಅದೇ ಹಳೆಯ ಇರುವೆ. ಸುಂದರವ್ವ ಎರಡೂ ಕೈ ಜೋಡಿಸಿ ನಿಂತಿದ್ದಳು. ಆ ಮೋರೆ ನೋಡಿ ರೋಷನಬಿಯ ಬಾಯಿ ಮತ್ತೆ ಮೋಸ ಮಾಡಿತು.

"ಅವ್ವಾ, ನೀ ನೋಡಿದ ಹುಡುಗಿ ಅಂದ್ರ ನನಗ ಒಪ್ಪಿಗಿ. ನಿನ್ನ ಮಾತ ಮೀರಾಂವಲ್ಲ."

"ಇದ ನೋಡು ಖರೇ ಚಸ್ಮಾ!" ಎಂದು ಮೂವರೂ ಒಂದೇ ಉಸಿರಿಗೆ ಕೂಗಿದರು.

ಅಷ್ಟು ಹೊತ್ತಿಗೆ ಸುತ್ತ ಜನ ಸೇರಿದ್ದರು. ನಿಡಗುಂದಿಯ ಕಡೆಯವನೊಬ್ಬ ಕೋರ್ಟಿನ ಸಮನ್ಸು ಹಿಡಿದುಕೊಂಡು, ಇದನ್ನೂ ಆ ಕೆಂಪು ಚಸ್ಮಾದಲ್ಲಿ ಒಮ್ಮೆ ಓದಿಸಿರೆಂದು ಅಂಗಲಾಚಿದ. ಇನ್ನೊಬ್ಬಳು ಸೊಸೆಯ ತವರಿನಿಂದ ಬಂದ ಕಾಗದಕ್ಕೆ ಕರಿಯದೇ ಬೇಕೆಂದಳು, ಅವರ ನಿಜ ಬಣ್ಣ ಕಾಣಲಿ ಎಂದು. ಬಾಬುಲಾಲ ತಲೆಯ ಮೇಲೆ ಕೈ ಹೊತ್ತ. ಕೆಂಪನ್ನು ಕೊಂಡು ಹೊರಡುವಾಗ ಅವನು ಕರಿಯ ದುಂಡು ಚಸ್ಮಾವನ್ನೂ ಕಾಗದದಲ್ಲಿ ಸುತ್ತಿ ರೋಷನಬಿಯ ಚೀಲಕ್ಕೆ ಹಾಕಿ, ಸಣ್ಣ ದನಿಯಲ್ಲಿ ಹೇಳಿದ: "ಅದು ಮಂದಿಗೆ. ಇದು ನಿಮಗ."

ಮರುದಿನ ಅವಳು ಹಳೆಯ ಕಾರ್ಡುಗಳನ್ನೆಲ್ಲ ಮುಂದಿಟ್ಟುಕೊಂಡು ಜೋಳ ತುಂಬಿಡುವ ಗುಮ್ಮಿಯ ಮರೆಯಲ್ಲಿ ಕೂತಳು. ಜವಾಬು ಬರೆಯಲೆಂದು ಎಲ್ಲವೂ ಅವಳ ಹತ್ತಿರವೇ ಇದ್ದವು, ಸಂತೆಯಲ್ಲಿ ಓದಿದ್ದೂ ಸೇರಿ ಒಟ್ಟು ಹನ್ನೊಂದು. ದುಂಡು ಚಸ್ಮಾ ಏರಿಸಿ ಓದಿದಳು. ಮೊದಲನೆಯದರಲ್ಲಿ ಎರಡೇ ಸಾಲು: ನಾ ಕ್ಷೇಮ, ನಿನ್ನ ಹಲ್ಲುನೋವು ಹೆಂಗೈತಿ? ಎರಡನೆಯದರಲ್ಲಿ: ರೊಟ್ಟಿ ಸಪ್ಪಳದ ಮಾತು ತಿಳಿಯಲಿಲ್ಲ, ಹಲ್ಲು ಹೆಂಗೈತಿ? ಮುಂದೆ ಸಿಟ್ಟು ಏರುತ್ತ ಹೋಗಿತ್ತು, ಯಾವ ಹುಡುಗಿ, ಯಾರು ಕೇಳಿದರು, ಬುದ್ಧಿ ನೆಟ್ಟಗಿದೆಯೇ. ಆದರೆ ಹನ್ನೊಂದರಲ್ಲೂ ಕೊನೆಯ ಸಾಲು ಅದೇ ಹಲ್ಲಿನದು. ಅದನ್ನು ಅವಳು ಒಮ್ಮೆಯೂ ಓದಿ ಹೇಳಿರಲಿಲ್ಲ. ಸುಂದರವ್ವ ಆ ಹಲ್ಲು ಕೀಳಿಸಿ ಆರು ತಿಂಗಳಾಗಿತ್ತು, ಮಗನಿಗೆ ಯಾರೂ ತಿಳಿಸಿರಲಿಲ್ಲ. ರೋಷನಬಿ ಗುಮ್ಮಿಗೆ ತಲೆಯಾನಿಸಿ ಗಳಗಳ ಅತ್ತಳು.

ದುಂಡು ಚಸ್ಮಾದಲ್ಲೇ ಎದ್ದು ಪಕ್ಕದ ಮನೆಗೆ ಓಡಿದಳು. "ಸುಂದರವ್ವಾ, ನಾ ಓದಿದ್ದೆಲ್ಲಾ ಸುಳ್ಳು. ಹುಡುಗ ಒಲ್ಲೆ ಅಂತಾನ."

"ತೆಗಿ ಅದನ್ನ!" ಸುಂದರವ್ವ ಹಿಟ್ಟಿನ ಕೈ ಎತ್ತಿದಳು. "ಮತ್ತ ಆ ಕರೀ ಚಸ್ಮಾ ಹಾಕ್ಕೊಂಡ ಬಂದಿ? ಅದನ್ನ ಹಾಕ್ಕೊಂಡಾಗೊಮ್ಮೆ ಕೆಟ್ಟ ಮಾತ ಆಡ್ತೀ. ನಾಳೆ ನಮ್ಮಣ್ಣ ಬರ್ತಾನ, ಕೆಂಪಂದ ಹಾಕ್ಕೊಂಡು ಬಾ."

ಇನ್ನೇನು ಉಳಿಯಿತು? ರೋಷನಬಿ ಮನೆಗೆ ಬಂದು, ಸಾಲೆಯ ಹುಡುಗಿ ಮಗ್ಗಿ ಬಾಯಿಪಾಠ ಮಾಡುವಂತೆ ಕೊನೆಯ ಕಾರ್ಡನ್ನು ಬಾಯಿಪಾಠ ಮಾಡಿದಳು.

ಬುಧವಾರ ಭೀಮಶ್ಯಾ ಸಕ್ಕರೆಯ ತಟ್ಟೆ ಮುಂದಿಟ್ಟುಕೊಂಡು ಕೂತ. ನೇರ ಮನುಷ್ಯ. "ಹುಡುಗನ ಒಪ್ಪಿಗಿ ನನ್ನ ಕಿವಿಲೆ ಕೇಳ್ತೇನಿ, ಆಮ್ಯಾಲ ಸಕ್ಕರಿ," ಎಂದ. ಓಣಿಗೆ ಓಣಿಯೇ ನೆರೆದಿತ್ತು. ರೋಷನಬಿ ಕೆಂಪು ಚಸ್ಮಾ ಏರಿಸಿದಳು. ಹರಳು ಮಿಂಚಿದವು, ಹೆಂಗಸರು ತಲೆದೂಗಿದರು. ಕಾರ್ಡಿನಲ್ಲಿ ಅವಳಿಗೆ ಒಂದಕ್ಷರವೂ ಕಾಣುತ್ತಿರಲಿಲ್ಲ. ಯಾವ ಹುಡುಗಿ, ಯಾರ ಕೇಳ್ಯಾರ ಎಂಬಲ್ಲಿಂದ ಹಿಡಿದು ಒಂದು ಮಾತೂ ಬಿಡದೆ, ತನ್ನ ಬುದ್ಧಿಯ ಬಗ್ಗೆ ಬರೆದದ್ದನ್ನೂ ಸೇರಿಸಿ, ಹಲ್ಲಿನ ಸಾಲಿನ ತನಕ ಹೇಳಿ ಮುಗಿಸಿದಳು.

"ಈ ಚಸ್ಮಾನೂ ಕೆಟ್ಟತೇನ ಬೇ?" ಎಂದಳು ಸುಂದರವ್ವ, ಅಳುವ ಮಗುವಿನ ದನಿಯಲ್ಲಿ.

"ಚಸ್ಮಾ ಕೆಟ್ಟಿಲ್ಲ. ನಾ ಕೆಟ್ಟೇನಿ. ನನಗ ಕಣ್ಣ ಕಾಣ್ತಿರಲಿಲ್ಲ, ಹೇಳಾಕ ನಾಚಿಗಿ ಬಂತು. ಹೊಟ್ಟ್ಯಾಗ ಹಾಕ್ಕೋ ನನ್ನವ್ವಾ."

ಭೀಮಶ್ಯಾ ಸಕ್ಕರೆಯ ತಟ್ಟೆಗೆ ಬಟ್ಟೆ ಮುಚ್ಚಿದ. "ಬಾಯಿ ಸೀ ಆಗೂಕಿಂತ ಮೊದಲ ಹೇಳಿದ್ರಿ, ಅಷ್ಟ ಪುಣ್ಯಾ ಬಂತು. ನನ್ನ ಮಗಳಿಗೇನು ಗಂಡ ಸಿಗದಂಗಿಲ್ಲ," ಎಂದು ತಂಗಿಯ ತಲೆ ಸವರಿ ಎದ್ದ. ಅವನ ಹಿಂದೆ ಓಣಿಯೂ ಕರಗಿತು. ಉಳಿದವರು ಇಬ್ಬರೇ.

ಸುಂದರವ್ವ ಗೋಡೆಗೆ ಒರಗಿ ಕೂತಳು. ಆಮೇಲೆ ಕೇಳಿದಳು: "ಹಲ್ಲ ಕೇಳ್ಯಾನಂದ್ಯಲ್ಲ, ಅದು ಅವಂದೋ, ನಿಂದೋ?"

"ಅವಂದ. ಹನ್ನೊಂದೂ ಕಾರ್ಡಿನ್ಯಾಗ ಕೇಳ್ಯಾನ."

"ಹನ್ನೊಂದು ಸಲ?" ಸುಂದರವ್ವ ಹಲ್ಲು ಹೋದ ಜಾಗವನ್ನು ಕೆನ್ನೆಯ ಮೇಲಿಂದಲೇ ಮುಟ್ಟಿಕೊಂಡಳು. ಕಣ್ಣೀರು ಬೆರಳಿನ ಮೇಲೆಯೇ ಇಳಿಯಿತು. "ಕಾರ್ಡ ತಗೋ. ಆ ದುಂಡಂದ ಹಾಕ್ಕೊಂಡ ಬರಿ. ಹಲ್ಲ ಕಿತ್ತಿಸೇನಿ, ಈಗ ನೋವಿಲ್ಲ ಅಂತ ಬರಿ. ನಿಂದ ಒಂದ ಮಾತ ಸೇರಿಸಿದೆ ಅಂದ್ರ ಕೈ ಮುರೀತೇನಿ."

ರೋಷನಬಿ ಗೂಗೆಯ ಚಸ್ಮಾ ಏರಿಸಿ ಬರೆದಳು, ಬರೆದದ್ದನ್ನು ಓದಿ ಹೇಳಿದಳು.

"ಅಷ್ಟ ಐತೇನು?"

"ಅಷ್ಟ ಐತಿ."

ಸುಂದರವ್ವ ಕಾರ್ಡನ್ನೇ ನೋಡಿದಳು. ಅರ್ಧಕ್ಕಿಂತ ಹೆಚ್ಚು ಖಾಲಿ ಉಳಿದಿತ್ತು. "ಭಾಳ ಖಾಲಿ ಕಾಣ್ತೈತಲ್ಲ ಬೇ. ರೊಟ್ಟಿ ಬಡಿಯೂ ಸಪ್ಪಳದ್ದೊಂದ ಮಾತಿತ್ತಲ್ಲ, ಅದನ್ನ ಹಾಕು. ರೊಟ್ಟಿ ಬಡಿಯೂ ಮುಂದ ನೀ ನೆನಪಾಗ್ತೀ ಅಂತ."

"ಅದು ಅವನ ಮಾತಲ್ಲವ್ವಾ. ನಾ ಕಟ್ಟಿದ್ದು."

"ಗೊತ್ತಾತಲ್ಲ, ಎಷ್ಟ ಸಲ ಹೇಳ್ತೀ?" ಎಂದು ಸುಂದರವ್ವ ಸೆರಗಿನಿಂದ ಮೂಗೊರೆಸಿಕೊಂಡಳು. "ಈಗ ನಾ ಹೇಳಾಕತ್ತೇನಿ. ಬರಿ."